ಹಿರಿಯಡ್ಕ ಕಡೆಯ ಹಳೆಯ ಮರದ ಕೊಟ್ಯ: ಇದರ ವಯಸ್ಸನ್ನೂ ಹಿನ್ನೆಲೆಯನ್ನೂ ತಿಳಿಯುವುದು ಹೇಗೆ?

ಬೈಲಮನೆ ಕೇಳಿದ್ದು:

ಉಡುಪಿಯಿಂದ ಹಿರಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಮುಖ್ಯರಸ್ತೆಯನ್ನು ಬಿಟ್ಟು ಎರಡು ಕಿಲೋಮೀಟರ್ ಒಳಗೆ ನನ್ನ ಅಜ್ಜಿಯ ತರವಾಡು ಮನೆ ಇದೆ. ಹಳೆಯ ಮನೆಯನ್ನು ಕೆಡವಿ ತಾರಸಿ ಮನೆ ಕಟ್ಟಿ ಇಪ್ಪತ್ತು ವರ್ಷಗಳು ಕಳೆದಿವೆ. ಆದರೆ ಅಂಗಳದ ತೆಂಕು ಬದಿಯಲ್ಲಿರುವ ಮರದ ಕೊಟ್ಯವನ್ನು ಮುಟ್ಟುವ ಧೈರ್ಯವನ್ನು ಅಜ್ಜಿ ಬದುಕಿರುವವರೆಗೆ ಯಾರೂ ಮಾಡಲಿಲ್ಲ. ಅಜ್ಜಿ ಕಳೆದ ವರ್ಷ ತೀರಿಕೊಂಡರು. ಈಗ ಮಾಡಿನ ಒಂದು ಮೂಲೆ ಕುಸಿದಿದೆ, ಮುಂದಿನ ಮಳೆಗಾಲವನ್ನು ಅದು ದಾಟುವುದು ಅನುಮಾನ. ಮರದ ವ್ಯಾಪಾರಿಯೊಬ್ಬರು ಆಗಲೇ ಎರಡು ಸಲ ಬಂದು ಹಲಗೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿಕೊಂಡು ಹೋಗಿದ್ದಾರೆ.

ಕೊಟ್ಯ ಎಂದಾಗ ದನದ ಹಟ್ಟಿಯನ್ನು ಕಲ್ಪಿಸಿಕೊಳ್ಳಬಾರದು. ಇದು ಧಾನ್ಯ ಇಡುವುದಕ್ಕೆಂದೇ ಕಟ್ಟಿದ್ದು. ಸೊಂಟದೆತ್ತರದ ಮುರಕಲ್ಲಿನ ಪಂಚಾಂಗ (ಕಟ್ಟಡ ನಿಲ್ಲುವ ಕಟ್ಟೆ), ಅದರ ಮೇಲೆ ಎಂಟು ಮರದ ಕಂಬಗಳು, ಒಂದೊಂದು ಕಂಬದ ಅಡಿಗೂ ಕೆತ್ತಿದ ಶಿಲೆಕಲ್ಲು. ನಡುವೆ ಒಂಬತ್ತು ಅಡಿ ಉದ್ದ, ಆರು ಅಡಿ ಅಗಲ, ಆರು ಅಡಿ ಎತ್ತರದ ಪತ್ತಾಯ, ಅಂದರೆ ಭತ್ತ ತುಂಬುವ ಮರದ ಕಣಜ. ಅದರ ಮುಂಭಾಗದ ಹಲಗೆಗಳು ಕಂಬದಲ್ಲಿ ಉದ್ದಕ್ಕೆ ಕೊರೆದ ತೋಡಿನೊಳಗೆ (ಗಾಡಿಯೊಳಗೆ) ಮೇಲಿನಿಂದ ಒಂದೊಂದಾಗಿ ಇಳಿಯುತ್ತವೆ. ಭತ್ತ ಖಾಲಿಯಾದಂತೆಲ್ಲ ಮೇಲಿನ ಹಲಗೆಯನ್ನು ತೆಗೆಯುತ್ತಾ ಹೋಗುವುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಪತ್ತಾಯದ ಮೇಲಕ್ಕೆ ಕೊಟ್ಯದ ಉದ್ದಗಲಕ್ಕೂ ಹರಡಿದ ಅಟ್ಟವಿದೆ. ಅದನ್ನು ನಾವು ಹುಲ್ಲಿನ ಅಟ್ಟ ಎನ್ನುತ್ತೇವೆ, ಏಕೆಂದರೆ ನನಗೆ ನೆನಪಿರುವಂತೆ ಅಲ್ಲಿ ಬೈಹುಲ್ಲು ಬಿಟ್ಟು ಬೇರೇನೂ ಇರಲಿಲ್ಲ. ಅಟ್ಟವನ್ನು ಹೊತ್ತ ಜಂತಿಗಳು ನನ್ನ ತೊಡೆಯಷ್ಟು ದಪ್ಪವಾಗಿವೆ, ಒಂದರಿಂದ ಇನ್ನೊಂದಕ್ಕೆ ಒಂದೂವರೆ ಗೇಣು ಅಂತರವೂ ಇಲ್ಲ.

ಮಾಡಿನಿಂದ ಬಿದ್ದ ಹೆಂಚಿನ ಮೇಲೆ ಬಾಸೆಲ್ ಮಿಷನ್ನಿನ ಹೆಸರೂ 1865 ಎಂಬ ಇಸವಿಯೂ ಅಚ್ಚಾಗಿವೆ. ಹಾಗಾಗಿ ಕೊಟ್ಯ 1865ರದ್ದು ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ಇದು ಸರಿಯೇ? ಕಟ್ಟಿದ ಕಾಲವನ್ನು ತಿಳಿಯಲು ಬೇರೆ ದಾರಿಗಳಿವೆಯೇ? ಈಗ ನಮ್ಮ ಪಾಲಿಗೆ ಉಳಿದಿರುವುದು ಮೂರು ಎಕರೆ ಗದ್ದೆ. ಮೂರು ಎಕರೆಯ ಮನೆಗೆ ಇಷ್ಟು ದೊಡ್ಡ ಕೊಟ್ಯ ಏಕೆ ಬೇಕಾಯಿತು ಎಂಬುದೂ ನನಗೆ ಬಗೆಹರಿಯದ ಪ್ರಶ್ನೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉಳಿಬಾಚಿ ಉತ್ತರಿಸಿದ್ದು:

ಮೊದಲು ಹೆಂಚಿನ ಇಸವಿಯನ್ನು ಬದಿಗಿಡಿ. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಅವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ವರ್ಷ 1865. ಅಚ್ಚಿನಲ್ಲಿರುವುದು ಆ ವರ್ಷ, ನಿಮ್ಮ ಹೆಂಚನ್ನು ಸುಟ್ಟ ವರ್ಷವಲ್ಲ. ಹಲವು ದಶಕಗಳ ಕಾಲ ಅದೇ ಇಸವಿ ಹೆಂಚಿನ ಮೇಲೆ ಬರುತ್ತಿತ್ತು, ಮತ್ತು ಕರಾವಳಿಯ ಅರ್ಧಕ್ಕರ್ಧ ಹಳೆಯ ಮನೆಗಳು ಇದೇ ಕಾರಣದಿಂದ 1865ರಲ್ಲಿ ಹುಟ್ಟಿಕೊಂಡಿವೆ. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಮಿಷನ್ನಿನ ಕಾರ್ಖಾನೆಗಳು ಬ್ರಿಟಿಷ್ ಸರಕಾರದ ವಶಕ್ಕೆ ಹೋದವು, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಬಂದವು. ಆದ್ದರಿಂದ ಮಾಡಿನ ಬೇರೆ ಬೇರೆ ಕಡೆಗಳಿಂದ ಹತ್ತಿಪ್ಪತ್ತು ಹೆಂಚುಗಳನ್ನು ಇಳಿಸಿ ಮಗುಚಿ ನೋಡಿ. ಮಿಷನ್ನಿನ ಹೆಸರು ಮಾತ್ರ ಸಿಕ್ಕಿದರೆ ಮಾಡು ಯುದ್ಧಕ್ಕಿಂತ ಹಿಂದಿನದಾಗಿರಬಹುದು. ಎರಡೂ ಹೆಸರುಗಳು ಬೆರೆತಿದ್ದರೆ ಒಡೆದುದನ್ನು ಆಗಾಗ ಬದಲಿಸಿದ್ದಾರೆ ಎಂದರ್ಥ. ಅದೂ ಕೊನೆಗೆ ಹೆಂಚಿನ ಕಥೆಯೇ ಹೊರತು ಮರದ ಕಥೆಯಲ್ಲ, ಏಕೆಂದರೆ ಒಂದು ಮನೆ ಬಿಚ್ಚಿದರೆ ಅದರ ಹೆಂಚು ಇನ್ನೊಂದು ಮನೆಯ ಮಾಡಿಗೆ ಏರುವುದು ನಮ್ಮಲ್ಲಿ ಯಾವತ್ತಿನ ರೂಢಿ.

ನಾನು ಮರದ ಕೆಲಸದ ಮನೆತನದವನು. ನಿಮ್ಮ ಜಾಗದಲ್ಲಿದ್ದರೆ ಮಾಡನ್ನು ಹೊತ್ತ ಇಳಿಜಾರು ಮರಗಳಾದ ಪಕ್ಕಾಸುಗಳಿಂದ ಆರಂಭಿಸುತ್ತಿದ್ದೆ. ಹೆಂಚು ಬರುವ ಮೊದಲು ಇಂಥ ಕಟ್ಟಡಗಳ ಮೇಲೆ ಮುಳಿಹುಲ್ಲಿನ ಮಾಡು ಇರುತ್ತಿತ್ತು. ಹುಲ್ಲಿನ ಮಾಡಿಗೆ ರೀಪು (ಹೆಂಚು ಕೂರುವ ಅಡ್ಡಪಟ್ಟಿ) ಹೊಡೆಯುವುದಿಲ್ಲ, ಬಿದಿರನ್ನೋ ಅಡಿಕೆ ಸಲಾಕೆಯನ್ನೋ ಹಗ್ಗದಿಂದ ಬಿಗಿಯುತ್ತಾರೆ. ಪಕ್ಕಾಸಿನ ಬೆನ್ನಿನಲ್ಲಿ ಹಗ್ಗ ಉಜ್ಜಿದ ಸವಕಳಿಯೋ ಹಗ್ಗ ಪೋಣಿಸುವ ತೂತುಗಳೋ ಕಂಡರೆ ಕೊಟ್ಯವು ಹೆಂಚಿಗಿಂತ ಹಳೆಯದು ಎಂದು ಧೈರ್ಯವಾಗಿ ಹೇಳಬಹುದು. ಆಮೇಲೆ ಟಾರ್ಚನ್ನು ಪತ್ತಾಯದ ಹಲಗೆಗೆ ಒರಗಿಸಿದಂತೆ ಹಿಡಿದು ಬೆಳಕನ್ನು ಓರೆಯಾಗಿ ಹಾಯಿಸಿ. ಇಬ್ಬರು ನಿಂತು ಎಳೆದ ಕೈಗರಗಸದ ಗೆರೆಗಳು ಓರೆಯಾಗಿರುತ್ತವೆ, ಒಂದೊಂದು ಎಳೆತಕ್ಕೂ ಅಂತರ ಬೇರೆ ಬೇರೆಯಾಗಿರುತ್ತದೆ. ಮಿಲ್ಲಿನ ಚಕ್ರಗರಗಸವಾದರೆ ಗೆರೆಗಳು ಬಿಲ್ಲಿನಂತೆ ಬಾಗಿರುತ್ತವೆ. ಕಂಬದ ಮೈಮೇಲೆ ಮೀನಿನ ಹುರುಪೆಯಂಥ ತಗ್ಗುಗಳಿದ್ದರೆ ಅದು ಬಾಚಿಯ ಕೆಲಸ. ಮೊಳೆ ಸಿಕ್ಕಿದರೆ ಅದರ ಮೈ ಚೌಕವೋ ದುಂಡೋ ಎಂದು ನೋಡಿ. ಚೌಕವಾದರೆ ಅದು ಕುಲುಮೆಯಲ್ಲಿ ಬಡಿದದ್ದು. ನಿಮ್ಮ ಪತ್ತಾಯದಲ್ಲಿ ಬಹುಶಃ ಮೊಳೆಯೇ ಸಿಗಲಾರದು, ಗಾಡಿ ಮತ್ತು ಮರದ ಆಣಿಗಳ ಮೇಲೆಯೇ ಅದು ನಿಂತಿರುತ್ತದೆ.

ಮುಂಭಾಗದ ಹಲಗೆಗಳ ತುದಿಯಲ್ಲಿ ಉಳಿಯಿಂದ ಕೊರೆದ ಒಂದು ಗೆರೆ, ಎರಡು ಗೆರೆ, ಮೂರು ಗೆರೆ ಹೀಗೆ ಗುರುತುಗಳಿರಬೇಕು. ಅವು ಹಲಗೆಯ ಕ್ರಮವನ್ನು ತಿಳಿಸುವ ಗುರುತುಗಳು, ಎಷ್ಟನೆಯ ಹಲಗೆ ಎಷ್ಟನೆಯ ಜಾಗಕ್ಕೆ ಎಂಬುದು ತಪ್ಪಿದರೆ ಗಾಡಿಯೊಳಗೆ ಅದು ಕೂರುವುದಿಲ್ಲ. ಈ ಗುರುತುಗಳಿಂದಾಗಿಯೇ ಇಂಥ ಕಟ್ಟಡಗಳನ್ನು ಬಿಚ್ಚಿ ಇನ್ನೊಂದು ಕಡೆ ಜೋಡಿಸಲು ಸಾಧ್ಯ. ಮಣಿಪಾಲದ ಪಾರಂಪರಿಕ ಗ್ರಾಮಕ್ಕೆ ವಿಜಯನಾಥ ಶೆಣೈ ಅವರು ಬೇರೆ ಬೇರೆ ಊರುಗಳ ಮನೆಗಳನ್ನು ಬಿಚ್ಚಿ ತಂದು ನಿಲ್ಲಿಸಿದ್ದನ್ನು ನೀವು ನೋಡಿರಬಹುದು. ಆದ್ದರಿಂದ ನಿಮ್ಮ ಕೊಟ್ಯ ಈಗಿರುವ ಜಾಗದಲ್ಲೇ ಹುಟ್ಟಿದ್ದೆಂದು ಮೊದಲೇ ತೀರ್ಮಾನಿಸಬೇಡಿ. ಉಪಯೋಗವಿಲ್ಲದ ಗಾಡಿಗಳು, ಏನನ್ನೂ ಹಿಡಿದಿರದ ತೂತುಗಳು ಕಂಬಗಳಲ್ಲಿದ್ದರೆ ಅವು ಹಿಂದೊಮ್ಮೆ ಬೇರೆಲ್ಲೋ ನಿಂತಿದ್ದ ಕಂಬಗಳು.

ನೀವು ಬರೆದುದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಟ್ಟದ ಜಂತಿ. ಬೈಹುಲ್ಲು ಹಗುರ. ಹುಲ್ಲಿಡುವ ಅಟ್ಟಕ್ಕೆ ಅಡಿಕೆ ಮರದ ಸೀಳು ಸಾಕು, ಬಡಿಗರೂ ಅದಕ್ಕಿಂತ ಹೆಚ್ಚಿನದನ್ನು ಹಾಕುತ್ತಿರಲಿಲ್ಲ, ಯಜಮಾನರೂ ಮರದ ಲೆಕ್ಕದಲ್ಲಿ ಉದಾರಿಗಳಾಗಿರಲಿಲ್ಲ. ತೊಡೆ ಗಾತ್ರದ ಜಂತಿಯನ್ನು ಒಂದೂವರೆ ಗೇಣಿಗೊಂದರಂತೆ ಹಾಸಿದ್ದಾರೆ ಎಂದರೆ ಅದು ಭಾರದ ಸರಕಿಗೆಂದು ಮಾಡಿದ ಅಟ್ಟ. ಜಂತಿ ಕಿರಾಲುಬೋಗಿ ಎಂಬ ಗಟ್ಟಿ ಜಾತಿಯ ಮರದ್ದೋ ಎಂದು ಒಮ್ಮೆ ನೋಡಿ. ಹಲಗೆಗೆ ಹಲಸು, ಹೆಬ್ಬಲಸು, ಭಾರ ಹೊರುವುದಕ್ಕೆ ಬೋಗಿ ಎಂಬುದು ಹಳಬರ ಲೆಕ್ಕ.

ಅಡಂಗಲ್ ಉತ್ತರಿಸಿದ್ದು:

ಮರದ ವಿಷಯವನ್ನು ಉಳಿಬಾಚಿಯವರು ಹೇಳಿದ ಮೇಲೆ ನಾನು ಸೇರಿಸುವುದೇನೂ ಇಲ್ಲ. ಕಾಗದದ ಕಡೆಯಿಂದ ಒಂದೆರಡು ಮಾತು.

ನಿಮ್ಮದು ಅಳಿಯಕಟ್ಟಿನ (ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ) ಮನೆತನವಾಗಿದ್ದರೆ, ತರವಾಡು ಎಂದು ಬರೆದುದರಿಂದ ಹಾಗೆಂದು ಊಹಿಸಿದ್ದೇನೆ, ಮೊದಲು ಹುಡುಕಬೇಕಾದದ್ದು ಪಾಲುಪಟ್ಟಿಯನ್ನು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಬರುವವರೆಗೆ ಕುಟುಂಬದ ಒಬ್ಬ ಸದಸ್ಯ ಉಳಿದವರ ಒಪ್ಪಿಗೆಯಿಲ್ಲದೆ ಪಾಲು ಕೇಳುವಂತಿರಲಿಲ್ಲ. ಕಾಯಿದೆ ಬಂದ ಮೇಲೆ ಕವರುಗಳಿಗೆ, ಅಂದರೆ ಕುಟುಂಬದ ಹೆಣ್ಣುಮೂಲದ ಕವಲುಗಳಿಗೆ, ಆ ಹಕ್ಕು ದೊರೆಯಿತು, ಮುಂದಿನ ವರ್ಷಗಳಲ್ಲಿ ನಮ್ಮ ಜಿಲ್ಲೆಯ ಎಷ್ಟೋ ದೊಡ್ಡ ಮನೆಗಳು ಪಾಲಾದವು. ಆ ಪಾಲುಪಟ್ಟಿಗಳನ್ನು ಬರೆದವರು ಬಲು ಜಾಗರೂಕರು. ಮನೆ, ಹಟ್ಟಿ, ಬಾವಿ, ಕೊಟ್ಯ, ಪತ್ತಾಯ, ಹಂಡೆ, ಒನಕೆಯವರೆಗೆ ಯಾವುದು ಯಾರಿಗೆ ಎಂದು ಬರೆದಿಡುತ್ತಿದ್ದರು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಿರಿಯರ ಹೆಸರು ಕೊಟ್ಟು ಶೋಧನೆಗೆ ಅರ್ಜಿ ಹಾಕಿದರೆ ನಕಲು ಸಿಗುತ್ತದೆ. ಅದಕ್ಕಿಂತ ಹಿಂದಕ್ಕೆ ಹೋಗಬೇಕಾದರೆ ಮೂಲಗೇಣಿ (ಶಾಶ್ವತ ಗೇಣಿ) ಚೀಟು, ಅಡವು ಪತ್ರಗಳಂಥ ಹಳೆಯ ಕಾಗದಗಳು ಮನೆಯ ಪೆಟ್ಟಿಗೆಯಲ್ಲೇ ಇರುವ ಸಂಭವ ಹೆಚ್ಚು. ಅವುಗಳನ್ನು ಗುಜರಿಗೆ ಹಾಕುವ ಮೊದಲು ಹಳೆಯ ಮೋಡಿ ಅಕ್ಷರ ಓದಬಲ್ಲವರಿಗೆ ಒಮ್ಮೆ ತೋರಿಸಿ.

ಮೂರು ಎಕರೆಗೆ ಇಷ್ಟು ದೊಡ್ಡ ಪತ್ತಾಯ ಏಕೆ ಎಂಬ ಪ್ರಶ್ನೆಗೆ ಸ್ವಲ್ಪ ಲೆಕ್ಕ ಮಾಡಿದೆ. ನಿಮ್ಮ ಅಳತೆಯಂತೆ ಪತ್ತಾಯ 324 ಘನ ಅಡಿಯದ್ದು. ಒಂದು ಘನ ಅಡಿಗೆ ಸುಮಾರು 16 ಕಿಲೋ ಭತ್ತ ಹಿಡಿಯುವುದರಿಂದ ಕಂಠಮಟ್ಟ ತುಂಬಿದರೆ ಐವತ್ತು ಕ್ವಿಂಟಾಲ್ ದಾಟುತ್ತದೆ. ಹಳೆಯ ತಳಿಗಳಲ್ಲಿ ಎಕರೆಗೆ ಹತ್ತು ಕ್ವಿಂಟಾಲ್ ಎಂದರೆ ಒಳ್ಳೆಯ ಬೆಳೆ ಎನ್ನುತ್ತಿದ್ದ ಕಾಲದಲ್ಲಿ ಇದು ಐದು ಎಕರೆಯ ಏಣಿಲು (ಮಳೆಗಾಲದ ಮೊದಲ) ಬೆಳೆ. ಎರಡನೆಯ ಬೆಳೆ ಸುಗ್ಗಿ ಮತ್ತು ಮೂರನೆಯ ಬೆಳೆ ಕೊಳಕೆಯನ್ನೂ ಸೇರಿಸಿದರೆ, ಹಿಂದಿನದು ಮುಗಿಯುವ ಮೊದಲೇ ಹೊಸತು ಬರುತ್ತಿತ್ತು ಎಂದು ಲೆಕ್ಕ ಹಾಕಬೇಕಾಗುತ್ತದೆ. ಅಂದರೆ ಮನೆಯವರು ಆಳುಗಳನ್ನಿಟ್ಟು ಸ್ವಂತ ಮಾಡಿಸುತ್ತಿದ್ದ ಬೈಲು ಗದ್ದೆಯೇ ನಿಮ್ಮ ಈಗಿನ ಮೂರು ಎಕರೆಗಿಂತ ಹೆಚ್ಚು ಇದ್ದಿರಬೇಕು. ಗೇಣಿಗೆ ಕೊಟ್ಟ ಭೂಮಿ ಬೇರೆ. ಅದರ ವಿವರ 1974ರ ನಂತರದ ಕಡತಗಳಲ್ಲಿ ಸಿಗುತ್ತದೆ. ಆ ವರ್ಷದ ಮಾರ್ಚ್ 1ರಂದು ಭೂಸುಧಾರಣಾ ಕಾಯಿದೆಯ ತಿದ್ದುಪಡಿ ಜಾರಿಗೆ ಬಂದು ಗೇಣಿಯ ಭೂಮಿಯೆಲ್ಲ ಸರಕಾರಕ್ಕೆ ಸೇರಿತು, ಒಕ್ಕಲುಗಳು ಭೂ ನ್ಯಾಯ ಮಂಡಳಿಗೆ ಏಳನೆಯ ನಮೂನೆಯಲ್ಲಿ ಡಿಕ್ಲರೇಷನ್ ಕೊಟ್ಟರು. ಡಿಕ್ಲರೇಷನ್ ಕೊಡುವ ಅವಧಿ 1979ರ ಜೂನ್ 30ರವರೆಗೆ ಮುಂದುವರಿಯಿತು. ತಾಲೂಕು ಕಚೇರಿಯಲ್ಲಿ ನಿಮ್ಮ ಅಜ್ಜಿಯ ಕುಟುಂಬ ಎದುರುದಾರರಾಗಿದ್ದ ಕಡತಗಳನ್ನು ಕೇಳಿ. ಎರಡೂ ಕಡೆಯವರ ಹೇಳಿಕೆಗಳಲ್ಲಿ ಯಾವ ಗದ್ದೆಗೆ ಎಷ್ಟು ಮುಡಿ (ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮೂಟೆ) ಗೇಣಿ ಎಂಬ ಮಾತು ಸಾಮಾನ್ಯವಾಗಿ ಬಂದೇ ಇರುತ್ತದೆ.

ಮಜಲುಗದ್ದೆ ಉತ್ತರಿಸಿದ್ದು:

ಅಟ್ಟದಲ್ಲಿ ಇದ್ದದ್ದು ಅಕ್ಕಿಮುಡಿ. ಇದನ್ನು ನಾನು ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣ, ನಮ್ಮದು ಅಂಥ ಅಟ್ಟಕ್ಕೆ ಮುಡಿ ಹೊತ್ತ ಮನೆ. ನಿಮ್ಮ ಊರಿನದ್ದಲ್ಲ, ಕಾರ್ಕಳದ ಕಡೆಯ ಇನ್ನೊಂದು ದೊಡ್ಡ ಮನೆಯ ಒಕ್ಕಲು ನಾವು. ಹೆಸರು ಬೇಡ.

ಗೇಣಿಯನ್ನು ಭತ್ತವಾಗಿ ಅಳೆದು ಕೊಟ್ಟು ಕೈತೊಳೆದುಕೊಳ್ಳುವಂತಿರಲಿಲ್ಲ. ಭತ್ತವನ್ನು ಬೇಯಿಸಿ, ಒಣಗಿಸಿ, ಕುಟ್ಟಿ, ಕುಚ್ಚಲಕ್ಕಿ ಮಾಡಿ, ಮುಡಿ ಕಟ್ಟಿ, ಹೊತ್ತುಕೊಂಡು ಹೋಗಿ ಒಪ್ಪಿಸಬೇಕಿತ್ತು. ಮುಡಿಗೆ 42 ಸೇರು, ಈಗಿನ ತೂಕದಲ್ಲಿ ನಲವತ್ತು ಕಿಲೋಗೆ ತುಸು ಕಡಿಮೆ. ಕುಟ್ಟುವ ಕೆಲಸವೆಲ್ಲ ಹೆಂಗಸರದ್ದು. ಹತ್ತು ಮುಡಿ ಗೇಣಿ ಎಂದು ಚೀಟಿನಲ್ಲಿ ಒಂದು ಸಾಲು ಬರೆಯುವುದು ಸುಲಭ, ಅದು ನಮ್ಮ ಅಜ್ಜಿಗೆ ಎಷ್ಟು ದಿನಗಳ ಒನಕೆ ಎಂಬುದನ್ನು ಅದೇ ಚೀಟಿನಲ್ಲಿ ಯಾರೂ ಬರೆದಿಲ್ಲ. ಮುಡಿ ಕಟ್ಟುವುದು ಅಜ್ಜನ ಕೆಲಸ. ಬೈಹುಲ್ಲನ್ನು ಹರಡಿ, ನಡುವೆ ಅಕ್ಕಿ ಸುರಿದು, ಹುಲ್ಲಿನ ಹಗ್ಗದಿಂದ ಸುತ್ತಿ ಸುತ್ತಿ ಬಿಗಿದು, ಸುತ್ತಲೂ ಕೊಡತಿಯಿಂದ ಬಡಿದು ದುಂಡಗೆ ಮಾಡುತ್ತಿದ್ದರು. ಸರಿಯಾಗಿ ಕಟ್ಟಿದ ಮುಡಿಯನ್ನು ಅಂಗಳದಲ್ಲಿ ಉರುಳಿಸಿದರೂ ಒಂದು ಕಾಳು ಉದುರುತ್ತಿರಲಿಲ್ಲ. ದೊಡ್ಡ ಮನೆಯ ಪಾರುಪತ್ಯಗಾರರಿಗೆ ಮುಡಿ ಸಡಿಲವೆಂದು ಕಂಡರೆ ಅಲ್ಲೇ ಬಿಚ್ಚಿಸಿ ಅವರ ಸೇರಿನಲ್ಲಿ ಮತ್ತೆ ಅಳೆಯಿಸುತ್ತಿದ್ದರು. ಅಜ್ಜ ಮನೆಯಲ್ಲಿ ಅಳೆಯುವಾಗ ಸೇರಿನ ಬಾಯಿಗೆ ಸಮನಾಗಿ ಕೈಯಿಂದ ಸವರಿದ್ದರೆ, ಅಲ್ಲಿ ಗೋಪುರವಾಗುವಂತೆ ತುಂಬಿ ಅಳೆಯುವುದು ಕ್ರಮ. ‘ಲಾಭ’ ಎಂದು ಮೊದಲ ಸೇರನ್ನು ಎಣಿಸಿದವರು ಮೂವತ್ತೊಂಬತ್ತಕ್ಕೆ ಬಂದು ನಿಂತಾಗ ಉಳಿದ ಮೂರು ಸೇರಿಗೆ ಅಜ್ಜ ಮತ್ತೆ ಮನೆಗೆ ನಡೆಯಬೇಕಾಗುತ್ತಿತ್ತು. ಇದಲ್ಲದೆ ಬುಳೆಕಾಣಿಕೆ ಎಂದು ಸೌತೆ, ಕುಂಬಳ, ಬಾಳೆಗೊನೆಗಳನ್ನು ಒಯ್ಯಬೇಕಿತ್ತು. ಚಾಲಗೇಣಿಯ ಒಕ್ಕಲಿಗೆ ಗದ್ದೆ ಮುಂದಿನ ವರ್ಷ ಕೈಯಲ್ಲಿರುತ್ತದೆ ಎಂಬ ಭರವಸೆ ಇಲ್ಲದಿರುವಾಗ ಇಲ್ಲ ಎನ್ನುವ ಬಾಯಿ ಎಲ್ಲಿಂದ ಬರಬೇಕು?

ಹೀಗೆ ಬಂದ ಮುಡಿಗಳನ್ನು ನೆಲಕ್ಕೆ ಇಟ್ಟರೆ ಮಳೆಗಾಲದ ತಂಡಿ ಹಿಡಿಯುತ್ತದೆ. ಅದಕ್ಕಾಗಿ ಅಟ್ಟ. ನೂರು ಮುಡಿ ಎಂದರೆ ಸುಮಾರು ನಾಲ್ಕು ಟನ್ ಭಾರ, ಉಳಿಬಾಚಿಯವರು ಹೇಳಿದ ಜಂತಿಗೆ ಇಷ್ಟು ಲೆಕ್ಕ ಸಾಕು. ಪತ್ತಾಯದ ಭತ್ತ ಮನೆಯವರ ಊಟಕ್ಕೆ, ಆಳುಗಳ ಕೂಲಿಗೆ, ಬೀಜಕ್ಕೆ. ಅಟ್ಟದ ಮುಡಿ ಮಾರಾಟಕ್ಕೆ ಮತ್ತು ತೀರ್ವೆ (ಭೂಕಂದಾಯ) ಕಟ್ಟುವುದಕ್ಕೆ. ಗೇಣಿ ನಿಂತ ಮೇಲೆ ಖಾಲಿಯಾದ ಅಟ್ಟದಲ್ಲಿ ಹುಲ್ಲು ಪೇರಿಸಿದ್ದನ್ನು ನೀವು ನೋಡಿದ್ದೀರಿ.

ಹಲಗೆಗಳನ್ನು ಮಾರುವುದು ಬಿಡುವುದು ನಿಮ್ಮ ಮನೆಯ ವಿಚಾರ. ಬಿಚ್ಚುವ ಮೊದಲು ಒಂದು ಕೆಲಸ ಮಾಡಿ. ಏಣಿ ಹತ್ತಿ ಬಂದವನು ಮುಡಿ ಇಳಿಸುವ ಜಾಗದಲ್ಲಿ, ಕಣ್ಣಿನ ಎತ್ತರಕ್ಕೆ, ಗೋಡೆ ಹಲಗೆಯನ್ನು ಒರಸಿ ನೋಡಿ. ನಮ್ಮವರು ಒಪ್ಪಿಸುತ್ತಿದ್ದ ಮನೆಯಲ್ಲಿ ಲೆಕ್ಕ ಹಾಕುತ್ತಿದ್ದುದು ಅಲ್ಲಿಯೇ.

ಬೈಲಮನೆ ಮತ್ತೆ ಬರೆದದ್ದು:

ಮೂವರಿಗೂ ಋಣಿ. ಭಾನುವಾರ ತಮ್ಮನನ್ನು ಕರೆದುಕೊಂಡು ಅಟ್ಟ ಹತ್ತಿದೆ. ಕಂಡದ್ದನ್ನು ಕಂಡಂತೆಯೇ ಬರೆಯುತ್ತೇನೆ.

ಕುಸಿದ ಮೂಲೆಯಿಂದ ಇಳಿಸಿದ ಹದಿನಾಲ್ಕು ಹೆಂಚುಗಳಲ್ಲಿ ಒಂಬತ್ತರ ಮೇಲೆ ಮಿಷನ್ನಿನ ಹೆಸರಿದೆ, ಐದರ ಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂದಿದೆ. ಪಕ್ಕಾಸುಗಳ ಬೆನ್ನಿನಲ್ಲಿ ಮೊಳಕ್ಕೊಂದರಂತೆ ಬೆರಳು ತೂರುವ ತೂತುಗಳಿವೆ, ಎರಡರಲ್ಲಿ ಕತ್ತದ ಹಗ್ಗದ ಚೂರು ಇನ್ನೂ ಸಿಕ್ಕಿಕೊಂಡಿದೆ. ಪತ್ತಾಯದ ಮುಂಭಾಗದ ಹಲಗೆಗಳಿಗೆ ಒಂದರಿಂದ ಏಳರವರೆಗೆ ಗೆರೆಗಳಿವೆ, ಐದು ಗೆರೆಯ ಹಲಗೆ ಮಾತ್ರ ಮಿಲ್ಲಿನಲ್ಲಿ ಕೊಯ್ದದ್ದು. ಪತ್ತಾಯದ ತಳದಲ್ಲಿ ಒಣಗಿ ಪುಡಿಯಾದ ನೆಕ್ಕಿ ಸೊಪ್ಪಿನ ಕಡ್ಡಿಗಳು ಸಿಕ್ಕವು, ಹುಳ ಹಿಡಿಯದಂತೆ ಅಜ್ಜಿ ಅದನ್ನು ಭತ್ತದ ಜೊತೆ ಹಾಕುತ್ತಿದ್ದುದು ನನಗೂ ನೆನಪಿದೆ. ಜಂತಿ ಬೋಗಿಯದ್ದು ಎಂದು ನೆರೆಮನೆಯ ಆಚಾರ್ಯರು ಮೊಳೆ ಹೊಡೆಯಲು ಹೋಗಿ, ಮೊಳೆ ಬಗ್ಗಿದ ಕೂಡಲೇ ಹೇಳಿದರು.

ಮಜಲುಗದ್ದೆಯವರು ಹೇಳಿದ ಜಾಗದಲ್ಲಿ ಹುಲ್ಲಿನ ದೂಳನ್ನು ಒರಸಿದಾಗ ಸುಣ್ಣದ ಗೆರೆಗಳು ಕಂಡವು. ಸಾಲಾಗಿ ಗೆರೆಗಳು, ಪ್ರತಿ ಸಾಲಿನ ಮೊದಲಿಗೆ ಇದ್ದಿಲಿನಲ್ಲಿ ಬರೆದ ಗದ್ದೆಯ ಹೆಸರು. ಒಟ್ಟು ಹನ್ನೊಂದು ಹೆಸರುಗಳಲ್ಲಿ ನಾನು ಕೇಳಿ ಬಲ್ಲದ್ದು ಎರಡೇ. ಎರಡೂ ಈಗ ನಮ್ಮವಲ್ಲ, ಒಂದರಲ್ಲಿ ಅಡಿಕೆ ತೋಟವಿದೆ, ಇನ್ನೊಂದು ರಬ್ಬರ್ ಆಗಿದೆ. ಹೆಚ್ಚಿನ ಸಾಲುಗಳಲ್ಲಿ ಎಂಟು, ಹತ್ತು, ಹನ್ನೆರಡು ಗೆರೆಗಳಿದ್ದರೆ ಕೊನೆಯ ಸಾಲು ಮೂರಕ್ಕೆ ನಿಂತಿದೆ. ಆ ಹಲಗೆಯ ಕೆಳಗಿನ ಸಂದಿಯಲ್ಲಿ ಹುಲ್ಲಿನ ಹಗ್ಗದ ಗಂಟುಗಳು ಒಂದು ಹಿಡಿಯಷ್ಟು ಸಿಕ್ಕವು, ಮುಡಿಯ ತಲೆಗಂಟು ಎಂದು ತಮ್ಮನಿಗೆ ನಾನೇ ವಿವರಿಸಿ ಹೇಳಬೇಕಾಯಿತು.

ಮೂರು ತಲೆಮಾರು ಅನ್ನ ತಿಂದ ಮನೆಯಲ್ಲಿ ಆ ಗೆರೆಗಳ ಬಗ್ಗೆ ಯಾರೂ ಬಾಯಿ ಬಿಟ್ಟಿರಲಿಲ್ಲ ಎಂಬುದು ನನಗೆ ಕೊಂಚ ಇರುಸುಮುರುಸು ಉಂಟುಮಾಡಿತು. ವ್ಯಾಪಾರಿಗೆ ಸದ್ಯಕ್ಕೆ ಬೇಡವೆಂದು ಹೇಳಿ ಕಳುಹಿಸಿದ್ದೇನೆ. ಪಾಲುಪಟ್ಟಿಯ ನಕಲಿಗೆ ಅರ್ಜಿ ಕೊಟ್ಟಾಯಿತು, ಹನ್ನೊಂದು ಗದ್ದೆಗಳ ಹೆಸರು ಹಿಡಿದು ತಾಲೂಕು ಕಚೇರಿಗೂ ಹೋಗುತ್ತೇನೆ. ಅಷ್ಟರೊಳಗೆ ಮಳೆ ಬಂದರೆ ಎಂಬುದೇ ಚಿಂತೆ. ಕುಸಿದ ಮೂಲೆಗೆ ಟರ್ಪಾಲು ಕಟ್ಟಿದ್ದೇನೆ, ಕಂಬದ ಬುಡಕ್ಕೆ ಗೆದ್ದಲು ಹತ್ತಿದೆ. ಗೇರೆಣ್ಣೆ ಹಚ್ಚಬಹುದೇ?

ಉಳಿಬಾಚಿ ಉತ್ತರಿಸಿದ್ದು:

ಹಚ್ಚಬಹುದು. ಆದರೆ ಮೊದಲು ಗೆದ್ದಲಿನ ಮಣ್ಣನ್ನು ಪೂರ್ತಿ ಕೆರೆದು ತೆಗೆದು, ಬುಡ ನಾಲ್ಕೈದು ದಿನ ಬಿಸಿಲಿಗೆ ಒಣಗಿದ ಮೇಲೆ ಹಚ್ಚಬೇಕು. ಹಸಿ ಮರಕ್ಕೆ ಹಚ್ಚಿದರೆ ಎಣ್ಣೆ ಒಳಗೆ ಇಳಿಯದೆ ಮೇಲೆಯೇ ನಿಲ್ಲುತ್ತದೆ. ಕೈಗೆ ತಾಗಿದರೆ ಚರ್ಮ ಸುಡುವುದರಿಂದ ಹಳೆಯ ಬಟ್ಟೆಯನ್ನು ಕೋಲಿಗೆ ಸುತ್ತಿ ಬಳಿಯಿರಿ. ಟರ್ಪಾಲನ್ನು ಪತ್ತಾಯದ ಮೈಗೆ ಅಂಟುವಂತೆ ಕಟ್ಟಬೇಡಿ, ಗಾಳಿಯಾಡದಿದ್ದರೆ ಒಂದೇ ಮಳೆಗಾಲದಲ್ಲಿ ಹಲಸಿನ ಹಲಗೆಗೆ ಬೂಷ್ಟು ಹಿಡಿಯುತ್ತದೆ. ಐದು ಗೆರೆಯ ಹಲಗೆಯನ್ನು ಹಾಗೆಯೇ ಬಿಡಿ, ಮಿಲ್ಲಿನದ್ದಾದರೂ ಹಳೆಯ ಗುರುತನ್ನು ಅದರ ಮೇಲೆ ಮತ್ತೆ ಕೊರೆದವರು ಕೆಲಸ ಬಲ್ಲವರೇ.

ಸುಣ್ಣದ ಗೆರೆಗಳಿರುವ ಹಲಗೆಯ ಹತ್ತಿರಕ್ಕೂ ಎಣ್ಣೆ ಒಯ್ಯಬೇಡಿ. ಗೇರೆಣ್ಣೆ ಕಪ್ಪು, ಒಮ್ಮೆ ಬಿದ್ದರೆ ಅಡಿಯ ಗೆರೆ ಮತ್ತೆ ಕಾಣುವುದಿಲ್ಲ.